ತಾಮ್ರದ ತಂತಿಗೆ ಕಟ್ಟಿದ ಕೆಂಬೇರಿ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ತಾರನೇ ಇಸವಿಯಲ್ಲಿ, ಏಳನೇ ತರಗತಿಯ ಗಣಿತ ಪರೀಕ್ಷೆಯ ದಿನ, ಬೆಳಿಗ್ಗೆ ಒಂಬತ್ತೂವರೆ ಸುಮಾರಿಗೆ. ಪರೀಕ್ಷೆ ಇದ್ದದ್ದು ಹತ್ತಕ್ಕೆ. ಗೋವಿನಕೋವಿಯ ನಮ್ಮ ಮನೆಯಿಂದ ಹೊರಟವನು, ಹೊಳೆಯನ್ನು ಒಮ್ಮೆ ನೋಡಿಕೊಂಡು ಹೋಗೋಣ ಎಂದು ಆ ಕಡೆ ತಿರುಗಿದೆ. ಬೇಸಿಗೆ ಹಿಡಿದು ತುಂಗಭದ್ರೆ ಬಂಡೆಗಳ ನಡುವಿನ ಮಡುಗಳಿಗೆ ಇಳಿದಿದ್ದಳು. ಅಂಥ ಒಂದು ಮಡುವಿನಲ್ಲಿ ನನ್ನ ತೋಳಿನಷ್ಟುದ್ದದ ಬಾಳೆಮೀನು ಬಾಲ ಬಡಿಯಿತು. ನನ್ನ ಕಂಪಾಸ್ ಡಬ್ಬಿಯಲ್ಲಿ ಕೈವಾರ ಇರಲಿಲ್ಲ, ಮೂರು ಗಾಳದ ಮುಳ್ಳುಗಳಿದ್ದವು. ಇಂಥ ಹೊತ್ತಿನಲ್ಲಿ ನೀವಾದರೆ ಏನು ಮಾಡುತ್ತಿದ್ದಿರಿ, ಯೋಚಿಸಿ ನೋಡಿ.

ಸಂಜೆ ಅಪ್ಪ ಮೊದಲು ಮೀನಿನ ಸಾರಿನಲ್ಲಿ ಮುದ್ದೆ ಉಂಡ, ಕೈ ತೊಳೆದ, ಆಮೇಲೆ ನನಗೆ ಹೊಡೆದ. ಆ ಕ್ರಮ ನನಗೆ ಇವತ್ತಿಗೂ ಸರಿಯಾಗಿಯೇ ಕಾಣುತ್ತದೆ. ಮುಂದಿನ ವಾರ, ಚನ್ನಗಿರಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ ನನ್ನ ಸೋದರಮಾವನ ಹತ್ತಿರ ನನ್ನನ್ನು ಬಿಟ್ಟು ಬಂದ. ಸುಟ್ಟ ಮೋಟಾರಿನ ಹೊಟ್ಟೆಯೊಳಗಿನ ಕರಕು ತಂತಿಯನ್ನು ತೆಗೆದು, ಹೊಸ ತಾಮ್ರದ ತಂತಿಯನ್ನು ಎಣಿಸಿ ಸುತ್ತುವುದು ಅಲ್ಲಿನ ಕೆಲಸ. ಒಂದು ಸುತ್ತು ಹೆಚ್ಚಾಗಬಾರದು, ಒಂದು ಕಮ್ಮಿಯಾಗಬಾರದು. ಗಣಿತದ ಪರೀಕ್ಷೆಯಿಂದ ತಪ್ಪಿಸಿಕೊಂಡವನು ಅವತ್ತಿನಿಂದ ಇವತ್ತಿನವರೆಗೆ ಎಣಿಸುತ್ತಲೇ ಇದ್ದೇನೆ.

ಇದೆಲ್ಲ ಈಗ ನೆನಪಾಗಲು ಕಾರಣ ನನ್ನ ಹೆಂಡತಿ ತಿಪ್ಪಮ್ಮ. ಹೋದ ಸೋಮವಾರ ಅವಳು ಬಟ್ಟೆ ಒಗೆಯಲು ಹಾಕುವ ಮುಂಚೆ ನನ್ನ ಅಂಗಿಯ ಜೇಬಿಗೆ ಕೈ ಹಾಕಿ, ಗೇಣುದ್ದದ ಒಂದು ತಾಮ್ರದ ತಂತಿಯನ್ನು ಹೊರಗೆಳೆದಳು.

"ಏನ್ರೀ, ಇದು ಅಂಗಡಿದೋ ಸಮುದ್ರದ್ದೋ?" ಎಂದಳು.

"ಸಮುದ್ರದ್ದು. ಇತ್ಲಾಗ್ ಕೊಡು."

"ಅಲ್ಲಿಂದ ಬಂದು ಮೂರು ವಾರ ಆತು. ಇನ್ನೂ ಜೇಬಿನಾಗೆ ಇಟ್ಕೊಂಡು ತಿರುಗ್ತೀರಲ್ಲ, ತಾಯತ ಮಾಡಿಸಿ ಕಟ್ಟಿಕೊಳ್ರಿ."

ತಿಪ್ಪಮ್ಮ ಜಗಳೂರು ಕಡೆಯವಳು. ಅಲ್ಲಿಂದ ನಮ್ಮ ಅಂಗಡಿಗೆ ಬೋರ್‌ವೆಲ್ ಮೋಟಾರುಗಳು ಬರುತ್ತಿದ್ದವು. ನೀರಿಲ್ಲದ ಕೊಳವೆಯಲ್ಲಿ ಓಡಿ ಓಡಿ ಸುಟ್ಟುಹೋದಂಥವು. ಅಂಥ ಒಂದು ಮೋಟಾರಿನ ಜೊತೆಗೆ ಬಂದವರೇ ಮುಂದೆ ನನ್ನ ಮಾವನವರಾದರು. ಮದುವೆಯಾಗಿ ಬಂದ ಹೊಸದರಲ್ಲಿ ಅವಳನ್ನು ಸೂಳೆಕೆರೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಏರಿಯ ಮೇಲೆ ನಿಂತು ನೀರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ, "ಇಷ್ಟು ನೀರು ಇಟ್ಕೊಂಡು ನೀವು ಅದ್ರಾಗೆ ಮೀನು ಹುಡುಕ್ತೀರಾ?" ಎಂದು ಕೇಳಿದಳು. ನೀರು ಇದ್ದಮೇಲೆ ಬೇರೇನೂ ಬೇಕಿಲ್ಲ ಎಂಬುದು ಅವಳ ಅಭಿಪ್ರಾಯ. ನನ್ನ ಅಭಿಪ್ರಾಯ ಬೇರೆ.

ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಹೇಳುತ್ತೇನೆ. ಹೊನ್ನಾಳಿ ಸೇತುವೆಯಿಂದ ಗೋವಿನಕೋವಿಯವರೆಗಿನ ಹೊಳೆಯಲ್ಲಿ ಯಾವ ಬಂಡೆಯ ಬುಡದಲ್ಲಿ ಯಾವ ಮೀನು ಇರುತ್ತದೆ ಎಂದು ನಾನು ದಂಡೆಯ ಮೇಲೆ ನಿಂತು ಹೇಳಬಲ್ಲೆ. ವಾರಕ್ಕೆ ಆರು ದಿನ ಅಂಗಡಿ, ಭಾನುವಾರ ಹೊಳೆ. ಬಾಳೆಮೀನಿನ ಹಲ್ಲು ಗರಗಸದ ಹಾಗೆ. ನೈಲಾನ್ ದಾರವನ್ನು ಕಚ್ಚಿ ಕತ್ತರಿಸಿಕೊಂಡು ಹೋಗುತ್ತದೆ. ಅದಕ್ಕೆ ನಾನು ಒಂದು ಉಪಾಯ ಕಂಡುಹಿಡಿದಿದ್ದೇನೆ. ಮೋಟಾರಿಗೆ ಸುತ್ತಿ ಉಳಿದ ತಾಮ್ರದ ತಂತಿಯ ಮೂರು ಎಳೆ ಹೊಸೆದು, ಗೇಣುದ್ದ ಮಾಡಿ, ದಾರಕ್ಕೂ ಮುಳ್ಳಿಗೂ ನಡುವೆ ಕಟ್ಟುತ್ತೇನೆ. ಹಿಡಿದ ಮೀನನ್ನು ಕಟ್ಟಿಡುವುದೂ ತಾಮ್ರದ ತಂತಿಯಲ್ಲೇ, ಅದು ಸ್ವಲ್ಪ ದಪ್ಪ ಗೇಜಿನದು. ಕಿವಿರಿನಿಂದ ತೂರಿಸಿ ಬಾಯಿಂದ ತೆಗೆದು, ಇನ್ನೊಂದು ತುದಿಯನ್ನು ದಂಡೆಯ ಬಂಡೆಗೆ ಆರು ಸುತ್ತು ಹಾಕಿ ಬಿಗಿದರೆ, ಸಂಜೆ ಮನೆಗೆ ಹೋಗುವವರೆಗೆ ಮೀನು ನೀರಿನಲ್ಲೇ ಜೀವಂತವಾಗಿ ಇರುತ್ತದೆ. ಆರು ಸುತ್ತು ಯಾಕೆ ಎಂದರೆ, ಐದು ಸಡಿಲ, ಏಳು ದಂಡ. ಮೂವತ್ತು ವರ್ಷದಿಂದ ಹೀಗೇ ನಡೆದಿದೆ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರು ವರ್ಷದ ಹಿಂದೆ ನಮ್ಮ ಮಗಳು ಶೋಭಾಳ ಮದುವೆಯಾಯಿತು. ಅವಳು ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನರ್ಸು. ಅಳಿಯನೂ ಅಲ್ಲೇ ಕೆಲಸ; ಊರು ಹೊನ್ನಾವರದ ಹತ್ತಿರ, ಶರಾವತಿ ಹೋಗಿ ಸಮುದ್ರ ಸೇರುವ ಅಳಿವೆಯ ಕಡೆ. ಅಳಿಯನ ತಂದೆ, ಅಂದರೆ ನಮ್ಮ ಬೀಗರು, ನಿವೃತ್ತ ಹೆಡ್‌ಮಾಸ್ತರರು. ಊರಿನವರೆಲ್ಲ ಮಾಸ್ತರರು ಎಂದೇ ಕರೆಯುವುದು. ಸಣ್ಣ ಆಳು, ಸಣ್ಣ ದನಿ, ಮೂಗಿನ ಮೇಲೆ ಕನ್ನಡಕ. ಅವರನ್ನು ಕಂಡಾಗ ನನ್ನ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ. ಮದುವೆಯ ಮಾತುಕತೆಯ ದಿನ ಅವರು ನನ್ನನ್ನು "ತಾವು ಎಲ್ಲಿಯವರೆಗೆ ಓದಿದ್ದು?" ಎಂದು ಕೇಳಲಿಲ್ಲ. ಕೇಳಿದ್ದರೆ ಒಂದು ಸಲಕ್ಕೆ ಮುಗಿಯುತ್ತಿತ್ತು. ಕೇಳದೆ ಬಿಟ್ಟಿದ್ದರಿಂದ ನಾನು ಇಡೀ ದಿನ ಆ ಪ್ರಶ್ನೆಗೆ ಕಾಯುತ್ತಾ ಕುಳಿತಿದ್ದೆ.

ಮದುವೆಯ ಊಟದ ಪಂಕ್ತಿಯಲ್ಲಿ ತಿಳಿದದ್ದು, ಮಾಸ್ತರರಿಗೂ ಗಾಳದ ಹುಚ್ಚು ಎಂದು. ನನಗೆ ಜೀವ ಬಂದ ಹಾಗಾಯಿತು. ಅವರ ಕಡೆಯ ನೆಂಟರೆಲ್ಲ ಸಾಲಾಗಿ ಕುಳಿತು ಉಣ್ಣುತ್ತಿದ್ದರು. ಒಬ್ಬ ಲೆಕ್ಚರರು, ಒಬ್ಬ ಬ್ಯಾಂಕಿನವರು, ಇಬ್ಬರು ಮಾಸ್ತರರು. ಅವರೆಲ್ಲರ ಎದುರಿಗೆ ನಾನು ಹೇಳಿದೆ: "ನೀರು ಅಂದ್ರೆ ನೀರೇ ಅಲ್ವಾ ಬೀಗರೇ. ನಮ್ಮ ಹೊಳ್ಯಾಗೆ ಹಿಡಿದೋನಿಗೆ ನಿಮ್ಮ ಸಮುದ್ರದಾಗೆ ಹಿಡಿಯಾಕೆ ಆಗಲ್ವಾ? ಮೊದಲನೇ ಸಲಕ್ಕೇ ಹಿಡಿದು ತೋರಿಸ್ತೀನಿ."

ಮಾಸ್ತರರು ಕನ್ನಡಕ ಸರಿ ಮಾಡಿಕೊಂಡು, "ಬನ್ನಿ ಬನ್ನಿ. ಬರ್ಕೊಳ್ಳುವ" ಎಂದರು.

ಅವರ 'ಬರ್ಕೊಳ್ಳುವ' ಎಂಬುದರ ಅರ್ಥ ಆಮೇಲೆ ಗೊತ್ತಾಯಿತು. ಅವರ ಹತ್ತಿರ ಒಂದು ದಪ್ಪ ಪುಸ್ತಕವಿದೆ, ಶಾಲೆಯ ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದದ್ದು. ದಿನ, ಗಾಳಿ, ನೀರಿನ ಬಣ್ಣ, ಉಬ್ಬರ ಇಳಿತದ ಹೊತ್ತು, ಗಾಳ ಹಾಕಿದವರ ಹೆಸರು, ಮೀನು, ಉದ್ದ ಎಷ್ಟು ಅಂಗುಲ, ಕೊನೆಗೆ ಷರಾ. ಅವರ ಜೊತೆ ಗಾಳ ಹಾಕಿದ ಯಾರೇ ಆಗಲಿ, ಹೆಸರು ಅದರಲ್ಲಿ ಬರುತ್ತದೆ. ಒಂದೇ ಒಂದು ನಿಯಮ: ತಾವು ಕಣ್ಣಾರೆ ನೋಡದ ಮೀನನ್ನು ಅವರು ಬರೆಯುವುದಿಲ್ಲ. ತಪ್ಪಿಸಿಕೊಂಡ ಮೀನು, ನಿನ್ನೆ ಹಿಡಿದ ಮೀನು, ಇಷ್ಟುದ್ದ ಇತ್ತು ಎಂದು ಕೈ ಅಗಲಿಸಿ ತೋರಿಸುವ ಮೀನು, ಯಾವುದಕ್ಕೂ ಆ ಪುಸ್ತಕದಲ್ಲಿ ಜಾಗವಿಲ್ಲ. ಮೀನು ಬೀಳದಿದ್ದರೆ ಹೆಸರಿನ ಮುಂದೆ ಸೊನ್ನೆ ಹಾಕುತ್ತಾರೆ. ಆ ಸೊನ್ನೆಯನ್ನೂ ಎಷ್ಟು ದುಂಡಗೆ ಬರೆಯುತ್ತಾರೆಂದರೆ, ಬಳಪ ಹಿಡಿಯಲು ಕಲಿಸುವವರು ಬರೆದ ಹಾಗೆ.

ನನ್ನ ಮೊದಲನೇ ಸೊನ್ನೆ ಮಳೆಗಾಲದ ಕೊನೆಯಲ್ಲಿ ಬಿತ್ತು. ಚನ್ನಗಿರಿಯಿಂದ ಹಾಲಿನ ಪುಡಿಯ ಡಬ್ಬಿಯಲ್ಲಿ ಮಣ್ಣು ತುಂಬಿಸಿ ಎರೆಹುಳು ಒಯ್ದಿದ್ದೆ. ಇಂಗು ಹಾಕಿ ನಾದಿದ ರಾಗಿಮುದ್ದೆ ಬೇರೆ. ಮುಳ್ಳಿಗೆ ಹುಳು ಚುಚ್ಚಿ ಸಮುದ್ರಕ್ಕೆ ಬಿಟ್ಟು ಎರಡು ನಿಮಿಷಕ್ಕೆ ಎತ್ತಿ ನೋಡಿದರೆ ಹುಳು ಬೆಳ್ಳಗಾಗಿ ದಾರದ ತುಂಡಿನ ಹಾಗೆ ಜೋತುಬಿದ್ದಿತ್ತು. ಮಾಸ್ತರರು, "ಉಪ್ಪು ನೀರಲ್ವಾ ಬೀಗರೇ. ಅದಕ್ಕೆ ಪಾಪ, ಉಪ್ಪಿನಕಾಯಿ ಹಾಕಿದ ಹಾಗೆ ಆಯ್ತು" ಎಂದರು. ಎರಡನೇ ಸಲ ಶಿವರಾತ್ರಿಯ ಆಚೆ ಈಚೆ ಹೋದೆ. ಆಗ ನೀರು ಕನ್ನಡಿಯ ಹಾಗೆ ತಿಳಿ. ಮೀನುಗಳು ನನಗೆ ಕಾಣುತ್ತಿದ್ದವು. ನಾನು ಅವಕ್ಕೆ ಅದಕ್ಕಿಂತ ಚೆನ್ನಾಗಿ ಕಾಣುತ್ತಿದ್ದೆ. ಮೂರನೇ ಸಲ ಅಳಿವೆಯ ತುಂಬ ಲೋಳೆ ಲೋಳೆಯಾದ ಜೆಲ್ಲಿ ಮೀನುಗಳು ತೇಲಿ ಬಂದು, ದಾರ ಎಳೆದಾಗಲೆಲ್ಲ ಗಂಜಿ ಸುರಿಯುವ ಹಾಗೆ ಸುರಿಯುತ್ತಿತ್ತು. ಮೂರು ಸಲ, ಮೂರು ಸೊನ್ನೆ. ನಡುವಿನ ದಿನಗಳಲ್ಲಿ ಅದೇ ಪುಸ್ತಕದಲ್ಲಿ ಎದುರು ಮನೆಯ ಅಂಚೆಯವರಿಗೆ ಎರಡು ಕಾಣೆ ಮೀನು, ಮಾಸ್ತರರ ಹೆಂಡತಿಗೆ, ಅಂದರೆ ನಮ್ಮ ಬೀಗಿತ್ತಿಗೆ, ಬಟ್ಟೆ ಒಣಹಾಕಲು ಹೋದವರು ಗಾಳ ಹಿಡಿದುಕೊಂಡು ನಿಂತ ಐದು ನಿಮಿಷಕ್ಕೆ ಒಂದು ಬಂಗಡೆ.

ಇಷ್ಟರಲ್ಲಿ ಮಾಸ್ತರರು ದಿನಾ ಬೆಳಿಗ್ಗೆ ನನಗೆ ಫೋನಿನಲ್ಲಿ ವರದಿ ಕಳಿಸುವ ರೂಢಿ ಮಾಡಿಕೊಂಡರು. "ಪಡುವಲ ಗಾಳಿ, ಸಾಧಾರಣ. ನೀರು ಹೆಸರುಕಾಳಿನ ಬಣ್ಣ. ಉಬ್ಬರ ಎಂಟೂಕಾಲಿಗೆ. ಸಿಗಡಿ ಎರೆಗೆ ಎರಡು ಕೆಂಬೇರಿ, ಹನ್ನೊಂದು ಮತ್ತು ಹದಿಮೂರು ಅಂಗುಲ." ಕೆಂಬೇರಿ ಎಂದರೆ ಕಲ್ಲಿನ ಸಂದಿಯಲ್ಲಿರುವ ಕೆಂಪು ಮೀನು, ಅಲ್ಲಿಯವರಿಗೆ ಅದರ ಮೇಲೆ ಬಹಳ ಮರ್ಯಾದೆ. ನಾನೂ ಸುಮ್ಮನಿರಲಿಲ್ಲ. ಭಾನುವಾರ ಹೊನ್ನಾಳಿಯಿಂದ ಉತ್ತರ ಹಾಕುತ್ತಿದ್ದೆ: "ಹೊಳೆ ಸೊಂಟದುದ್ದ. ನೀರು ಚಾದ ಬಣ್ಣ. ಬಾಳೆಮೀನು ಒಂದು, ಕಾಟ್ಲಾ ಒಂದು. ಅಂಗುಲ ಅಳೆದಿಲ್ಲ, ಉಂಡಾಯಿತು." ಅವರ ವರದಿಯ ಉಬ್ಬರ ಇಳಿತದ ಹೊತ್ತನ್ನು ನಾನು ಓದುತ್ತಿದ್ದೆ, ಇಲ್ಲವೆನ್ನುವುದಿಲ್ಲ. ನಮ್ಮೂರಿಗೆ ಬಾರದ ಬಸ್ಸಿನ ವೇಳಾಪಟ್ಟಿ ಓದುವ ಹಾಗೆ ಓದುತ್ತಿದ್ದೆ.

ಮೊನ್ನೆ ಮಳೆಗಾಲ ಕಳೆದ ಮೇಲೆ ನಾಲ್ಕನೇ ಸಲ ಹೋದೆವು. ಮಗಳು, ಅಳಿಯ ರಜೆ ಹಾಕಿ ಮೊದಲೇ ಹೋಗಿದ್ದರು. ನಾನು, ತಿಪ್ಪಮ್ಮ ಎರಡು ದಿನದ ಮಟ್ಟಿಗೆ ಹೊರಟೆವು. ಬಸವಾಪಟ್ಟಣದ ರೈತರೊಬ್ಬರ ಮೋಟಾರು ಸುತ್ತಿ, ವಾರ್ನಿಷ್ ಒಣಗಲು ಇಟ್ಟು ಬಂದಿದ್ದೆ. ಅವರ ತೋಟಕ್ಕೆ ನೀರು ನಿಂತು ನಾಲ್ಕು ದಿನವಾಗಿತ್ತು. "ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಬರ್ರಿ, ರೆಡಿ ಇರತೈತೆ" ಎಂದು ಮಾತು ಕೊಟ್ಟಿದ್ದೆ. ಅಂದರೆ ಮಂಗಳವಾರ ಮಧ್ಯಾಹ್ನದ ಬಸ್ಸಿಗೆ ಹೊನ್ನಾವರ ಬಿಡಲೇಬೇಕು.

ಸೋಮವಾರ ಇಡೀ ದಿನ ಗಾಳಿ. ನಾನು ಮತ್ತು ಮಾಸ್ತರರು ಅಳಿವೆಯ ಕಲ್ಲುಗಳ ಮೇಲೆ ಕುಳಿತು ನೆನೆದದ್ದೇ ಬಂತು. ನನ್ನ ತಾಮ್ರದ ತಂತಿಯನ್ನು ಮಾಸ್ತರರು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

"ಇದು ಎಂತಕ್ಕೆ ಬೀಗರೇ? ಮೀನು ಹಿಡಿಯುದಕ್ಕೋ, ಅದಕ್ಕೆ ಕರೆಂಟು ಕೊಡುದಕ್ಕೋ?"

"ಕಚ್ಚಿದ್ರೆ ಕಡಿಬಾರ್ದಲ್ಲ, ಅದಕ್ಕೆ."

"ಕಚ್ಚಿದ್ರೆ ಅಲ್ವಾ" ಎಂದರು. ಅಷ್ಟೇ ಅಂದದ್ದು. ನಾನು ರಾತ್ರಿ ಊಟದ ಹೊತ್ತಿನವರೆಗೂ ಅದನ್ನೇ ನೆನೆಸಿಕೊಂಡೆ.

ಮಂಗಳವಾರ ಅಮಾವಾಸ್ಯೆ. ಬೆಳಗಿನ ಜಾವ ಎದ್ದೆ. ಮಾಸ್ತರರು ಅಮಾವಾಸ್ಯೆಯ ದಿನ ಸ್ನಾನ, ಪೂಜೆ ಮುಗಿಯದೆ ಹೊರಗೆ ಬರುವುದಿಲ್ಲ. ನಾನೊಬ್ಬನೇ ಗಾಳ ತೆಗೆದುಕೊಂಡೆ. ತಿಪ್ಪಮ್ಮ ಬಾಗಿಲಲ್ಲಿ ತಡೆದು ಕೈ ಚಾಚಿದಳು.

"ಫೋನ್ ಇಲ್ಲೇ ಇಟ್ಟು ಹೋಗ್ರಿ. ಹೋದ ಸಲದ್ದು ಇನ್ನೂ ಸಮುದ್ರದಾಗೇ ಐತೆ."

ಕೊಟ್ಟೆ. ಮುಂದಿನ ಕಥೆಗೆಲ್ಲ ಇದೇ ಮೂಲ. ಆದರೆ ಅವಳ ಮೇಲೆ ತಪ್ಪು ಹೊರಿಸಲು ನನಗೆ ಧೈರ್ಯವಿಲ್ಲ.

ಗಾಳಿ ಪೂರ್ತಿ ನಿಂತಿತ್ತು. ಹಿಂದಿನ ದಿನ ಅಲೆ ಹೊಡೆಯುತ್ತಿದ್ದ ಕಲ್ಲುಗಳೆಲ್ಲ ಬುಡದವರೆಗೆ ಹೊರಗೆ ಕಾಣುತ್ತಿದ್ದವು, ಹಸಿರು ಪಾಚಿ ಹೊದ್ದುಕೊಂಡು. ನನಗೆ ಅದನ್ನು ನೋಡಿದ ಕೂಡಲೇ ಗೋವಿನಕೋವಿಯ ಬೇಸಿಗೆಯ ಹೊಳೆ ನೆನಪಾಯಿತು. ಅದೇ ಬಂಡೆ, ಅದೇ ಸಂದಿ, ಅದೇ ಮಡು. ಮೂಲೆಬಂಡೆ ಎಂದು ಅಲ್ಲಿಯವರು ಕರೆಯುವ ದೊಡ್ಡ ಕಲ್ಲಿನ ಕೆಳಗೆ ನೀರು ಕಪ್ಪಗೆ ನಿಂತಿತ್ತು. ನಮ್ಮ ಹೊಳೆಯಾಗಿದ್ದರೆ ಅಲ್ಲಿ ಮೀನು ಇದ್ದೇ ಇರಬೇಕು. ಸಿಗಡಿಯನ್ನು ಬಾಲದ ಕಡೆಯಿಂದ ಚುಚ್ಚಿ, ಬೆಂಡು ತೆಗೆದುಹಾಕಿ, ಸುಮ್ಮನೆ ಸಂದಿಗೆ ಇಳಿಸಿದೆ. ಹೊತ್ತು ಏಳರ ಸುಮಾರು. ನೀರು ಆಗ ತಾನೇ ಮೆಲ್ಲಗೆ ಅಲುಗಾಡಲು ಶುರುಮಾಡಿತ್ತು.

ಕಚ್ಚಿದ್ದು ಹೇಗೆ ಎಂದು ಹೇಳಲಿ. ಬಾಳೆಮೀನು ಕಚ್ಚಿದರೆ ಜಗ್ಗುತ್ತದೆ. ಕಾಟ್ಲಾ ಕಚ್ಚಿದರೆ ಯೋಚಿಸುತ್ತದೆ. ಇದು ಕಚ್ಚಿದ ಕೂಡಲೇ ಕಲ್ಲಿನೊಳಗಿನ ತನ್ನ ಮನೆಗೆ ಹೊರಟೇಬಿಟ್ಟಿತು, ಸಾಲ ಕೊಟ್ಟವನನ್ನು ಕಂಡವರ ಹಾಗೆ. ಕೋಲು ಬಿಲ್ಲಾಯಿತು. ದಾರ ಕಲ್ಲಿನ ಚಿಪ್ಪಿಗೆ ಉಜ್ಜಿ ಕರ್ ಎಂದಿತು. ನೈಲಾನ್ ಆಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಲ್ಲಿಗೆ ಉಜ್ಜಿದ್ದು ನನ್ನ ಮೂರೆಳೆ ತಾಮ್ರ. ನಾನು ಕೋಲನ್ನು ಹೊಟ್ಟೆಗೆ ಊರಿಕೊಂಡು ಹಿಂದೆ ಹಿಂದೆ ನಡೆದು, ಪಾಚಿಯ ಮೇಲೆ ಜಾರಿ ಕೂತು, ಕೂತಲ್ಲಿಂದಲೇ ಎಳೆದೆ. ಮೇಲೆ ಬಂತು. ಕೆಂಬೇರಿ. ಇಟ್ಟಿಗೆಯ ಕೆಂಪು, ಹೊಟ್ಟೆಯ ಕಡೆ ಬೆಳ್ಳಿ, ಸಿಟ್ಟು ಬಂದವರ ಕಣ್ಣು. ಮೊಣಕೈಯಿಂದ ಬೆರಳ ತುದಿಯವರೆಗೆ ಇತ್ತು. ಆ ಹೊತ್ತಿಗೆ ಸುತ್ತಮುತ್ತ ಒಂದು ಕಾಗೆ ಬಿಟ್ಟರೆ ಯಾರೂ ಇರಲಿಲ್ಲ. ಫೋಟೋ ತೆಗೆಯೋಣವೆಂದರೆ ಫೋನು ಮನೆಯಲ್ಲಿ.

ಎತ್ತಿಕೊಂಡು ಮನೆಗೆ ಹೋಗಬಹುದಿತ್ತು. ಈಗ ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ನನಗೆ ಮಾಸ್ತರರು ಅದನ್ನು ನೀರಿನಲ್ಲಿ, ಜೀವಂತವಾಗಿ, ಬಾಲ ಬಡಿಯುವಾಗ ನೋಡಬೇಕಾಗಿತ್ತು. ಸತ್ತ ಮೀನನ್ನು ಪೇಟೆಯಲ್ಲಿ ತಂದದ್ದು ಎಂದರೂ ಅನ್ನಬಹುದು. ದಪ್ಪ ಗೇಜಿನ ತಂತಿ ತೆಗೆದು ಕಿವಿರಿನಿಂದ ಬಾಯಿಗೆ ತೂರಿಸಿದೆ. ಮೂಲೆಬಂಡೆಯ ಬುಡದಲ್ಲಿ ಮೂಗಿನ ಹಾಗೆ ಚಾಚಿಕೊಂಡಿದ್ದ ಕಲ್ಲಿಗೆ ಆರು ಸುತ್ತು ಹಾಕಿ ಬಿಗಿದೆ. ಜಗ್ಗಿ ನೋಡಿದೆ. ಉಳಿದ ಗೇಣುದ್ದ ತಂತಿಯನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ಕೈ ಬೀಸಿಕೊಂಡು ಮನೆಗೆ ಹೊರಟೆ.

ಮಾಸ್ತರರು ಇನ್ನೂ ಪೂಜೆಯಲ್ಲಿದ್ದರು. ನಾನು ಜಗುಲಿಯ ಮೇಲೆ ಕುಳಿತೆ, ಎದ್ದೆ, ಮತ್ತೆ ಕುಳಿತೆ. ಯಾರಿಗೂ ಹೇಳಲಿಲ್ಲ. ಅವರು ಹೊರಗೆ ಬಂದ ಕೂಡಲೇ, "ಬರ್ರಿ ಬೀಗರೇ, ಒಂಚೂರು ಹೋಗಿ ಬರಾನ" ಎಂದೆ. ಅಷ್ಟರಲ್ಲಿ ಬೀಗಿತ್ತಿ ತೆಳ್ಳೇವಿನ ತಟ್ಟೆ ತಂದಿಟ್ಟರು. ಕಾಗದದಷ್ಟು ತೆಳ್ಳಗಿನ ದೋಸೆ, ಪಕ್ಕದಲ್ಲಿ ಜೋನಿ ಬೆಲ್ಲ.

"ತಿನ್ನದೆ ಎಲ್ಲಿಗೆ? ಕೂತ್ಕೊಳ್ಳಿ" ಎಂದರು.

ಬೀಗರ ಮನೆಯಲ್ಲಿ ತಟ್ಟೆ ಬಿಟ್ಟು ಏಳುವ ಹಾಗಿಲ್ಲ. ಎರಡು ತಿಂದು ಸಾಕೆಂದರೆ ನಾಲ್ಕು ಬಡಿಸುವ ಮನೆ ಅದು. ನಾನು ಏಳು ತೆಳ್ಳೇವು ತಿಂದೆ. ಬೇಗ ಮೀನಿನ ಹತ್ತಿರ ಹೋಗಬೇಕೆಂದು ಬೇಗ ಬೇಗ ತಿಂದೆ; ಬೇಗ ತಿಂದದ್ದನ್ನು ನೋಡಿ ರುಚಿಯಾಗಿರಬೇಕೆಂದು ಅವರು ಮತ್ತೆ ಬಡಿಸಿದರು.

ನಾವು ಅಳಿವೆ ಮುಟ್ಟಿದಾಗ ಒಂಬತ್ತೂವರೆ. ಮೂಲೆಬಂಡೆ ಇರಲಿಲ್ಲ. ನಾನು ಬೇರೆ ದಾರಿಯಲ್ಲಿ ಬಂದೆನೇ ಎಂದು ಹಿಂದಕ್ಕೆ ತಿರುಗಿ ತೆಂಗಿನ ಮರ, ಮುರಿದ ದೋಣಿ ಎಲ್ಲ ನೋಡಿಕೊಂಡೆ. ಎಲ್ಲ ಇದ್ದಲ್ಲೇ ಇದ್ದವು. ಬಂಡೆಯಿದ್ದ ಕಡೆ ನೀರು ನೆತ್ತಿಯ ಮೇಲಿಂದ ಸುತ್ತಿ ಸುತ್ತಿ ಒಳಗೆ ನುಗ್ಗುತ್ತಿತ್ತು, ಹೊಳೆ ಬಂದ ದಿಕ್ಕಿಗೇ ವಾಪಸು.

"ಇಲ್ಲಿ ಕಟ್ಟಿದ್ದೆ" ಎಂದೆ.

"ಎಂತ ಕಟ್ಟಿದ್ರಿ?"

"ಕೆಂಬೇರಿ. ಇಷ್ಟುದ್ದ." ನನ್ನ ಕೈಗಳು ತಾವಾಗಿ ಅಗಲವಾದವು. ಆ ಪುಸ್ತಕ ಒಪ್ಪದ ಕೆಲಸವನ್ನೇ ನಾನು ಮಾಡುತ್ತಿದ್ದೇನೆ ಎಂದು ಗೊತ್ತಾಗಿ ಕೈ ಇಳಿಸಿದೆ.

ಮಾಸ್ತರರು ನೀರನ್ನು ನೋಡಿದರು, ನನ್ನನ್ನು ನೋಡಿದರು. "ಉಬ್ಬರ ಬರ್ತದೆ ಅಂತ ದಿನಾ ಬರ್ದು ಕಳಿಸ್ತೇನಲ್ಲ ಮಾರಾಯ್ರೆ."

"ನಮ್ಮ ಹೊಳ್ಯಾಗೆ ನೀರು ಏರಾಕೆ ಮುಂಚೆ ಮೈಕಿನಾಗೆ ಹೇಳ್ತಾರ್ರೀ. ಡ್ಯಾಮಿನ ಗೇಟು ತೆಗೀತಾರೆ, ದಂಡೆಗೆ ಹೋಗಬ್ಯಾಡ್ರಿ ಅಂತ ಊರೂರಿಗೆ ಹೇಳ್ಕೊಂಡು ಬರ್ತಾರೆ."

"ಇಲ್ಲಿ ದಿನಾ ಎರಡು ಸಲ ಯಾರು ಹೇಳುದು?" ಎಂದರು ಮಾಸ್ತರರು.

ನಾನು ಅಂಗಿ ಬಿಚ್ಚಲು ಹೋದೆ. ಅವರು ತೋಳು ಹಿಡಿದರು. ಸಣ್ಣ ಆಳಾದರೂ ಹಿಡಿತ ಗಟ್ಟಿ. "ಸುಳಿ ಉಂಟು ಅಲ್ಲಿ. ಮೀನು ಹೋದ್ರೆ ಹೋಯ್ತು. ನಿಮ್ಮ ಮಗಳಿಗೆ ನಾನು ಎಂತ ಹೇಳ್ಲಿ? ಸಂಜೆ ಐದೂಮುಕ್ಕಾಲಿಗೆ ಇಳಿತ. ಆಗ ನೋಡುವ."

"ಒಂದೂವರೆಗೆ ನನಗೆ ಬಸ್ಸೈತಲ್ರೀ."

"ಹಾಗಾದ್ರೆ..." ಎಂದು ಮಾಸ್ತರರು ನಿಲ್ಲಿಸಿದರು. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಅವರಿಗೂ ಕಷ್ಟವಾಗಿತ್ತು ಎಂದು ನನಗೆ ಕಂಡಿತು. ಆದರೂ ನಿಯಮ ನಿಯಮವೇ. "ನೋಡದೆ ಹೆಂಗೆ ಬರೀಲಿ ಬೀಗರೇ?"

ಮಾಸ್ತರರು ದಾರಿಯಲ್ಲೇ ಫೋನು ಮಾಡಿದ್ದರಿಂದ, ಮನೆಗೆ ಬಂದರೆ ಸುದ್ದಿ ನನಗಿಂತ ಮುಂಚೆ ಬಂದಿತ್ತು. ಮಗಳು, "ಅಪ್ಪಾ, ನಿಜವಾಗ್ಲೂ?" ಎಂದು ಕೇಳಿದಳು. ಆ ಕೊನೆಯ ಪದ ನನಗೆ ಸ್ವಲ್ಪ ಚುಚ್ಚಿತು. ಅಳಿಯ ನಗು ತಡೆಯಲು ಹಿತ್ತಲಿಗೆ ಹೋದ. ತಿಪ್ಪಮ್ಮ ಮಾತ್ರ ಒಳಗೆ ಚೀಲ ತುಂಬುವುದನ್ನು ನಿಲ್ಲಿಸಿ ಮೆಲ್ಲಗೆ ಹೇಳಿದಳು:

"ಇವತ್ತು ಅಮಾಸೆ. ಅಮಾಸೆ ದಿನ ಪ್ರಯಾಣ ಮಾಡಾಕೆ ಹೋಗಬಾರ್ದು ಅಂತಾರೆ. ನಾಳೆ ಹೋದ್ರಾತು ಬಿಡ್ರಿ."

ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಅಮಾವಾಸ್ಯೆ ಹುಣ್ಣಿಮೆ ನೋಡಿ ಬಸ್ಸು ಹತ್ತಿದವಳಲ್ಲ. ಯಾಕೆ ಹೇಳುತ್ತಿದ್ದಾಳೆಂದು ನನಗೆ ಗೊತ್ತಾಯಿತು, ನನಗೆ ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು. ಆ ಬಸ್ಸು ಬಿಟ್ಟು ಇನ್ನು ನಾಲ್ಕು ತಾಸು ಉಳಿದುಕೊಂಡರೆ ಆ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಒಂದು ಮೀನು. ಬಸವಾಪಟ್ಟಣದ ರೈತರಿಗೆ ಒಂದು ಫೋನು ಮಾಡಿ, ಅಮಾವಾಸ್ಯೆ ಅಂದರೆ ಅವರೂ ಬೇಡವೆನ್ನುವುದಿಲ್ಲ. ನಾನು ಫೋನು ಕೈಗೆ ತೆಗೆದುಕೊಂಡೆ ಕೂಡ. ಆದರೆ ಅವರ ತೋಟಕ್ಕೆ ಅಮಾವಾಸ್ಯೆ ಏನು ಗೊತ್ತು? ಒಂಬತ್ತಕ್ಕೆ ಎಂದರೆ ಒಂಬತ್ತಕ್ಕೆ. ಏಳನೇ ತರಗತಿಯವನ ಅಂಗಡಿಗೆ ಜನ ಜಗಳೂರಿನಿಂದ ಬರುತ್ತಿದ್ದರೆ ಅದು ಆ ಒಂದು ಕಾರಣಕ್ಕೆ. ಫೋನು ಕೆಳಗಿಟ್ಟೆ.

"ಹೊರಡಾನ" ಎಂದೆ.

"ಹೊರಡ್ರಿ" ಎಂದಳು.

ಘಟ್ಟದ ದಾರಿಯುದ್ದಕ್ಕೂ ಕಿಟಕಿಯ ಪಕ್ಕ ಕುಳಿತು ಮನಸ್ಸಿನಲ್ಲೇ ಆ ಗಂಟನ್ನು ಮತ್ತೆ ಮತ್ತೆ ಕಟ್ಟಿದೆ. ಒಂದು, ಎರಡು, ಮೂರು. ಆರೇ ಹಾಕಿದ್ದೆನೇ, ಖುಷಿಯಲ್ಲಿ ಐದಕ್ಕೇ ಬಿಟ್ಟೆನೇ? ಸಾಗರ ಬಂದಾಗ ಐದು ಗಂಟೆ ದಾಟಿತ್ತು. ಈಗ ನೀರು ಇಳಿಯುತ್ತಿರಬೇಕು. ಆನಂದಪುರ ಬಂದಾಗ ಐದೂಮುಕ್ಕಾಲು. ಈಗ ಮಾಸ್ತರರು ಪಂಚೆ ಎತ್ತಿ ಕಟ್ಟಿ ಕಲ್ಲಿಂದ ಕಲ್ಲಿಗೆ ದಾಟುತ್ತಿರಬೇಕು. ಏನೂ ಇಲ್ಲದಿದ್ದರೆ? ಅವರು ಏನೂ ಹೇಳುವುದಿಲ್ಲ. ಕೇಳದೆ ಬಿಟ್ಟ ಪ್ರಶ್ನೆಯ ಹಾಗೆ ಅದೂ ಇರುತ್ತದೆ. ಸುಮ್ಮನೆ ನಾಲ್ಕನೇ ಸೊನ್ನೆ, ದುಂಡಗೆ.

ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಚನ್ನಗಿರಿಯ ಬಸ್ಸಿಗೆ ಕಾಯುತ್ತಿದ್ದಾಗ ತಿಪ್ಪಮ್ಮನ ಕೈಯಲ್ಲಿದ್ದ ನನ್ನ ಫೋನು ಠಣ್ ಎಂದಿತು. ಅವಳು ನೋಡಿದಳು. ನನ್ನ ಕೈಗೆ ಕೊಟ್ಟಳು.

ಮೊದಲು ಬರಹ: "ಸಂಜೆಯ ವರದಿ. ಗಾಳಿ ಇಲ್ಲ. ಐದೂಮುಕ್ಕಾಲಿಗೆ ಪೂರ್ಣ ಇಳಿತ. ಮೂಲೆಬಂಡೆಯ ಬುಡದಲ್ಲಿ ತಾಮ್ರದ ತಂತಿ ಕಂಡಿತು. ಎಣಿಸಿದೆ, ಆರು ಸುತ್ತು. ಸಡಿಲಾಗಿಲ್ಲ. ತುದಿಯಲ್ಲಿ ಕೆಂಬೇರಿಯ ತಲೆ ಮತ್ತು ಬೆನ್ನಿನ ಮುಳ್ಳು, ಬಾಲ ಸಹಿತ. ಉಳಿದದ್ದು ಏಡಿಗಳಿಗೆ ಸಂದಿದೆ."

ಆಮೇಲೆ ಒಂದು ಫೋಟೋ. ಒದ್ದೆ ಕಲ್ಲು. ಅದರ ಮೇಲೆ ನೀಟಾಗಿ ಮಲಗಿಸಿದ ಮೀನಿನ ಅಸ್ಥಿಪಂಜರ, ತಲೆ ಮಾತ್ರ ಇನ್ನೂ ಸಿಟ್ಟಿನಲ್ಲೇ. ಪಕ್ಕದಲ್ಲಿ ಶಾಲೆಯ ಮರದ ಅಳತೆಪಟ್ಟಿ.

ಎರಡನೇ ಫೋಟೋ ಪುಸ್ತಕದ ಪುಟ. ಹಾಲೇಶಪ್ಪ ಎಂದು ನನ್ನ ಹೆಸರು. ಕೆಂಬೇರಿ, ಒಂದು. ಹತ್ತೊಂಬತ್ತೂವರೆ ಅಂಗುಲ. ಆ ಪುಟದಲ್ಲಿ ಅದಕ್ಕಿಂತ ಉದ್ದದ್ದು ಬೇರೆ ಇರಲಿಲ್ಲ. ನಾನು ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದ್ದೇನೆ. ಷರಾದಲ್ಲಿ ಮಾಸ್ತರರ ಮುತ್ತಿನಂಥ ಅಕ್ಷರ: "ಮೀನು ಹಿಡಿಯುವುದರಲ್ಲಿ ತೇರ್ಗಡೆ. ಮೀನು ಕಟ್ಟುವುದರಲ್ಲಿ ಮುಂದಿನ ಬಾರಿ ಮತ್ತೊಮ್ಮೆ ಪರೀಕ್ಷೆಗೆ ಕೂರತಕ್ಕದ್ದು."

ನಾನು ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕುಳಿತು ಅದನ್ನು ಮೂರು ಸಲ ಓದಿದೆ. ಪಕ್ಕದಲ್ಲಿ ಕುಳಿತಿದ್ದವರು ಒಳ್ಳೆಯ ಸುದ್ದಿಯಾ ಎಂದು ಕೇಳಿದರು. ಪರೀಕ್ಷೆ ಪಾಸಾಯಿತು ಎಂದೆ. ಅವರು ನನ್ನ ನರೆತ ಮೀಸೆ ನೋಡಿ ಸ್ವಲ್ಪ ಸರಿದು ಕುಳಿತರು.

"ಎಲ್ಲಾ ಏಡಿ ತಿಂದ್ಬಿಟ್ಟಾವೆ ಅಂತ ಬೇಜಾರೇನ್ರೀ?" ಎಂದು ತಿಪ್ಪಮ್ಮ ಕೇಳಿದಳು.

"ಇಲ್ಲ."

"ಮತ್ತೆ ಬಿಡ್ರಿ. ನೀವೇ ಅಂತೀರಲ್ಲ, ಮೀನಿನಾಗೆ ತಲೆನೇ ರುಚಿ ಅಂತ. ಬೀಗರಿಗೆ ತಲೆ ಉಳಿಸಿ ಬಂದೀರಿ."

ಬುಧವಾರ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಬಸವಾಪಟ್ಟಣದವರು ಬಂದರು. ಮೋಟಾರು ರೆಡಿ ಇತ್ತು. ಸ್ವಿಚ್ಚು ಹಾಕಿದಾಗ ಒಂದು ಸಣ್ಣ ನಡುಕವೂ ಇಲ್ಲದೆ ತಿರುಗಿತು. ಅವರು ಅದನ್ನು ಗಾಡಿಗೆ ಏರಿಸುವಾಗ, ಕಟ್ಟಲು ಹಗ್ಗ ಸಾಲದೆ ನನ್ನನ್ನು ಕೇಳಿದರು. ಒಂದು ತುಂಡು ದಪ್ಪ ತಂತಿ ತೆಗೆದು ನಾನೇ ಕಟ್ಟಿಕೊಟ್ಟೆ, ಆರು ಸುತ್ತು. "ಹೊಳೆ ದಾಟುವಾಗ ನೀರು ಬಂದ್ರೂ ಬಿಚ್ಚಲ್ಲ" ಎಂದೆ. ನಾವು ಯಾವ ಹೊಳೆಯನ್ನೂ ದಾಟುವುದಿಲ್ಲವಲ್ಲ ಎಂಬಂತೆ ಅವರು ನನ್ನ ಮುಖ ನೋಡಿದರು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಚನ್ನಗಿರಿಯಲ್ಲಿ ಒಂದು ಅಂಗಡಿ. ತಂತಿ ಸುತ್ತುವ ಯಂತ್ರ ಎರಡು. ಹೆಂಡತಿ ಒಬ್ಬಳು, ಮಗಳು ಒಬ್ಬಳು, ಅಳಿಯ ಒಬ್ಬ. ಬಿದಿರಿನ ಗಾಳ ಎರಡು, ರೀಲಿನದು ಒಂದು. ಮುಳ್ಳು ಹದಿನೇಳು. ತಾಮ್ರದ ತಂತಿ, ಗೇಣುದ್ದದ್ದು, ಒಂದು. ಮಾಸ್ತರರ ಪುಸ್ತಕದಲ್ಲಿ ಸೊನ್ನೆ ಮೂರು. ಮೀನು ಒಂದು.